ದೊಡ್ಡಮ್ಮ ಬಿಟ್ಟುಕೊಟ್ಟ ಪೊರೆ

ಜುಲೈ ಬಂತೆಂದರೆ ನೈರೋಬಿಯ ಸೂರ್ಯ ರಜೆ ಹಾಕುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಬೂದಿ ಬಣ್ಣದ ಒಂದೇ ಮೋಡ, ಹಿಮ್ಮಡಿಯಿಂದ ಮೇಲೇರುವ ಚಳಿ. ಮೊನ್ನೆ ಶಾಲು ಹುಡುಕಲೆಂದು ಬೀರುವಿನ ಮೇಲೆ ತಡಕಿದಾಗ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬ ಕೈಗೆ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಒಂದು ವಾಸನೆ... ಈರುಳ್ಳಿ ಸಿಪ್ಪೆಯದೂ ಅಲ್ಲ, ಹಳೆಯ ಪುಸ್ತಕದ್ದೂ ಅಲ್ಲ, ಎರಡರ ನಡುವಿನದು. ಒಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಹಾವಿನ ಪೊರೆ. ಬೆಳಕಿಗೆ ಹಿಡಿದರೆ ಮೈಮೇಲಿನ ಒಂದೊಂದು ಗೆರೆಯೂ ಕಾಣುತ್ತದೆ. ತಲೆಯ ಕಡೆ, ಕಣ್ಣಿದ್ದ ಜಾಗದಲ್ಲಿ, ಗಾಜಿನ ಹನಿಗಳಂಥ ಎರಡು ಪುಟಾಣಿ ಉಬ್ಬುಗಳು.

ಪೊರೆ ಕಂಡು ನನಗೆ ಹಾವು ನೆನಪಾಗಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ಅವರ ಹಿಂದೆಯೇ ಆ ಹಳೆಯ ಹೊಟ್ಟೆಕಿಚ್ಚೂ ಎದ್ದು ಕುಳಿತಿತು, ಚೆನ್ನಾಗಿ ನಿದ್ದೆ ಮಾಡಿ ಎದ್ದ ಮಗುವಿನ ಹಾಗೆ ಲವಲವಿಕೆಯಿಂದ.

ದೊಡ್ಡಮ್ಮ ಎಂದರೆ ನನಗಲ್ಲ, ನನ್ನ ಮಗಳಿಗೆ. ನಿಜ ಹೇಳಬೇಕೆಂದರೆ ಅವಳಿಗೂ ಅಲ್ಲ. ನಾವಾಗ ನೈರೋಬಿಯ ಲೊರೆಶೋ ಬಡಾವಣೆಯಲ್ಲಿ, ಒಂದೇ ಗೇಟಿನೊಳಗೆ ಎರಡು ಮನೆಗಳಿದ್ದ ಒಂದು ಆವರಣದಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ನಮ್ಮ ಯಜಮಾನರು ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಪಕ್ಕದ ಮನೆಗೆ ಬಂದವರು ಮೈಸೂರಿನ ಕಡೆಯವರೇ, ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಮಣ್ಣಿನ ವಿಷಯದ ಅಧಿಕಾರಿ. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಗಿಡ್ಡ ಕೂದಲು, ದೊಡ್ಡ ಬೂಟು, ಕಿವಿಯಲ್ಲಿ ಮಾತ್ರ ಅಮ್ಮ ಕೊಟ್ಟ ಕೆಂಪು ಹರಳಿನ ಓಲೆ. ಬಂದ ಮೊದಲ ವಾರವೇ ನನ್ನ ಮಗಳು ನಡುವಿನ ಮುಳ್ಳುಗಿಡಗಳ ಬೇಲಿಯಲ್ಲಿ ಒಂದು ಕಂಡಿ ಹುಡುಕಿಕೊಂಡಳು. ಎರಡನೆಯ ವಾರ ಅವರನ್ನು ದೊಡ್ಡಮ್ಮ ಎಂದು ಕರೆಯತೊಡಗಿದಳು. ಮೈಸೂರಿನಲ್ಲಿ ನನ್ನ ಸ್ವಂತ ಅಕ್ಕ ಇದ್ದಾಳೆ, ಇವಳ ಹುಟ್ಟುಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಾಳೆ. ಅವಳನ್ನು ಈ ಮಗು ಆಂಟಿ ಎನ್ನುತ್ತಿತ್ತು.

ನನ್ನ ಕನ್ನಡ ನನ್ನ ಅಜ್ಜಿಯದು. ಅಜ್ಜಿಯ ಮಗ್ಗುಲಲ್ಲಿ ಮಲಗಿ, ಅವಳ ಕತೆಗೆ ಹ್ಞೂಂಗುಟ್ಟುತ್ತಾ ಕಲಿತದ್ದು. ಮಗಳಿಗೂ ಹಾಗೆಯೇ ಕಲಿಸುತ್ತೇನೆಂದು ಹಟ ಹಿಡಿದಿದ್ದೆ. ಊಟಕ್ಕೆ ಕೂತರೆ ಒಂದು ಕತೆ, ತಲೆ ಬಾಚುವಾಗ ಒಂದು ಕತೆ, ಶಾಲೆಗೆ ಹೋಗುವ ದಾರಿಯಲ್ಲಿ ಮಟಾಟು ವ್ಯಾನುಗಳ ನಡುವೆ ಕಾರು ಸಿಕ್ಕಿಕೊಂಡರೆ ಅಲ್ಲೂ ಒಂದು. ಅವಳು ಎಲ್ಲವನ್ನೂ ಕೇಳುತ್ತಿದ್ದಳು, ಎಲ್ಲವೂ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತೀರಾ ಚಿಕ್ಕವಳಿದ್ದಾಗ ಕನ್ನಡದಲ್ಲಿ ಮುದ್ದುಮುದ್ದಾಗಿ ತಪ್ಪು ಮಾತಾಡುತ್ತಿದ್ದಳು, ನಾನು ಅದನ್ನು ಸೌತ್ ಸಿ ಬಡಾವಣೆಯ ಸ್ನೇಹಿತರ ಮನೆಗಳಲ್ಲಿ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಯಾವಾಗಲೋ ಆ ಬಾಯಿ ಮುಚ್ಚಿಕೊಂಡಿತು. ನೈರೋಬಿಯ ಮಕ್ಕಳೆಲ್ಲ ಹಾಗೆಯೇ ಎಂದು ಎಲ್ಲರೂ ಸಮಾಧಾನ ಹೇಳಿದರು, ನಾನೂ ಹೇಳಿಕೊಂಡೆ.

ಆಮೇಲೆ ಬಂದದ್ದು ಹಾವು.

ದೇಶ ಬಿಟ್ಟು ಹೊರಟಿದ್ದ ಸಹೋದ್ಯೋಗಿ ಕುಟುಂಬವೊಂದು, ರುಂಡಾ ಬಡಾವಣೆಯಲ್ಲಿದ್ದವರು, ಸಾಕಿದ್ದ ಹಾವನ್ನು ಕಾಗದಪತ್ರ ಸಮೇತ ದೊಡ್ಡಮ್ಮನಿಗೆ ಒಪ್ಪಿಸಿ ಹೋಗಿದ್ದರು. ವಿಷವಿಲ್ಲದ್ದು. ಇಲ್ಲಿ ಅದಕ್ಕೆ ಮನೆಹಾವು ಎಂದೇ ಹೆಸರು. ತೋಳುದ್ದ, ಹಾಲು ಕಡಿಮೆ ಹಾಕಿದ ಟೀ ಬಣ್ಣ, ಬಿಸಿಲಿಗೆ ಹಿಡಿದರೆ ಮೈಮೇಲೆ ಎಣ್ಣೆ ಚೆಲ್ಲಿದ ನೀರಿನಂತೆ ಬಣ್ಣಗಳ ಹೊಳಪು. ಬಣ್ಣ ನೋಡಿ ಮಗಳು ಚಾಯ್ ಎಂದು ಹೆಸರಿಟ್ಟಳು. ಗಾಜಿನ ಪೆಟ್ಟಿಗೆ, ಒಳಗೆ ಮರದ ತೊಗಟೆ, ಒಂದು ಒರಟು ಕಲ್ಲು, ನೀರಿನ ಬಟ್ಟಲು. ಊಟಕ್ಕೆ ಸತ್ತ ಇಲಿಮರಿ, ಅದೂ ಫ್ರೀಜರಿನಿಂದ. ಈರುಳ್ಳಿ ಹಾಕದ ಹುಳಿ ಉಂಡು ಬೆಳೆದ ಹೆಂಗಸು, ಇಲಿಗೆಂದೇ ಪುಟ್ಟದೊಂದು ಫ್ರಿಜ್ ತಂದು ಹಿತ್ತಲ ಕೋಣೆಯಲ್ಲಿಟ್ಟಿದ್ದರು. ಮಗಳು ಅಲ್ಲಿಂದ ಬಂದ ಕೂಡಲೇ ನಾನು ಅವಳ ಕೈ ತೊಳೆಸುತ್ತಿದ್ದೆ, ಮತ್ತೆ ತೊಳೆಸುತ್ತಿದ್ದೆ. ಶಾಲೆಯ ಚೀಲ ಬಾಗಿಲಲ್ಲಿ ಎಸೆದು, ತಿಂಡಿಯ ತಟ್ಟೆ ಹಿಡಿದುಕೊಂಡೇ ಬೇಲಿಯ ಕಂಡಿಯಲ್ಲಿ ನುಸುಳುವುದು ಅವಳ ದಿನಚರಿಯಾಯಿತು. ನನ್ನ ಕತೆಗಳೆಲ್ಲ ತಣ್ಣಗೆ ಒಲೆಯ ಮೇಲೆ ಕೂತಿದ್ದವು.

ಒಂದು ದಿನ ಆ ಮನೆಗೆ ಕೊತ್ತಂಬರಿ ಸೊಪ್ಪು ಕೊಡಲು ಹೋದಾಗ ಬಾಗಿಲಾಚೆಯಿಂದ ಮಾತು ಕೇಳಿಸಿತು. ದೊಡ್ಡಮ್ಮ ಏನೋ ಕೇಳುತ್ತಿದ್ದರು, ಆಮೇಲೆ ಸುಮ್ಮನಿರುತ್ತಿದ್ದರು. ಎಷ್ಟು ಹೊತ್ತು ಸುಮ್ಮನಿರುತ್ತಿದ್ದರೆಂದರೆ ನನಗೇ ಒಳಗೆ ಹೋಗಿ ಉತ್ತರ ಹೇಳಿಬಿಡೋಣ ಅನ್ನಿಸಿತು. ಆ ಮೌನದ ಕೊನೆಯಲ್ಲಿ ನನ್ನ ಮಗಳ ಧ್ವನಿ, ಸಣ್ಣಗೆ. ಏನು ಹೇಳಿದಳೋ ಕೇಳಿಸಲಿಲ್ಲ. ನಾನು ಬಾಗಿಲು ತಟ್ಟಿದ ಕೂಡಲೇ ಅದು ನಿಂತಿತು.

ಅದೇ ಸುಮಾರಿಗೆ ಚಾಯ್ ಬದಲಾಯಿತು. ಹೊಳಪು ಹೋಗಿ ಮೈಯೆಲ್ಲ ಬೂದಿ ಸವರಿದಂತಾಯಿತು. ಇಲಿಯ ಕಡೆ ತಿರುಗಿಯೂ ನೋಡಲಿಲ್ಲ. ತೊಗಟೆಯಡಿ ಸೇರಿಕೊಂಡರೆ ಹೊರಗೆ ಬರುತ್ತಿರಲಿಲ್ಲ. ಕಣ್ಣುಗಳ ಮೇಲೆ ಹಾಲು ಬೆರೆಸಿದಂಥ ನೀಲಿ ಮಬ್ಬು. ಮಗಳು ಎಂದಿನಂತೆ ಕೈ ಹಾಕಿದಾಗ, ಅಷ್ಟು ಸಾಧುವಾಗಿದ್ದ ಪ್ರಾಣಿ, ಚಂಗನೆ ಬಂದು ಬೆರಳಿಗೆ ಬಾಯಿ ಹಾಕಿತು. ಗುಲಾಬಿ ಮುಳ್ಳು ತರಚಿದಷ್ಟೇ ಗಾಯ. ಆದರೂ ಮಗಳು ಅಳುತ್ತಾ ಓಡಿ ಬಂದಳು, ಚಾಯ್ ಸಾಯುತ್ತಿದೆ, ಅದಕ್ಕೆ ನಾನು ಬೇಡವಾದೆ ಎಂದು ಇಂಗ್ಲಿಷಿನಲ್ಲಿ ಬಿಕ್ಕಿದಳು. ನನ್ನ ಮಡಿಲಿಗೇ ಬಂದಿದ್ದಳು. ಬೆರಳಿನ ಗಾಯ ನೋಡಿ ಸಂಕಟವಾಯಿತು, ಅದು ಸುಳ್ಳಲ್ಲ. ಬೇಲಿ ದಾಟಿ ನನ್ನ ಕಡೆ ಬಂದಳಲ್ಲ ಎಂಬ ಸಮಾಧಾನವೂ ಅಲ್ಲೇ ಪಕ್ಕದಲ್ಲಿತ್ತು.

ಕೈ ಹಿಡಿದುಕೊಂಡು ಅವಳನ್ನು ಎಳೆದೊಯ್ದೆ. ಮಗುವಿಗೆ ಹೀಗಾಗಿದೆ, ಇನ್ನು ಅವಳನ್ನು ಕಳಿಸುವುದಿಲ್ಲ ಎಂದೆ. ದೊಡ್ಡಮ್ಮ ನನ್ನನ್ನು ದಾಟಿ ಮಗಳ ಕಡೆ ಬಂದರು. ಬೆರಳನ್ನು ನೀರಿನಲ್ಲಿ ತೊಳೆದು, ಔಷಧಿ ಹಚ್ಚಿ, ಅವಳೆತ್ತರಕ್ಕೆ ಕೂತು ಹೇಳಿದರು.

"ಅದು ಪೊರೆ ಬಿಡೋ ಹೊತ್ತು ಪುಟ್ಟಾ. ಹಳೇ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ನೀರು ಕೂತ್ಕೊಂಡಿದೆ, ಕಣ್ಣ ಮೇಲೂ ಸಹ. ಎದುರಿಗೆ ಬಂದ ಕೈ ನಿಂದೋ ಹದ್ದಿಂದೋ ಅದಕ್ಕೆ ತಿಳಿಯೋದಿಲ್ಲ. ಕೋಪ ಅಲ್ಲ ಅದು, ಹೆದರಿಕೆ. ಈಗ ಮುಟ್ಟಬಾರದು, ತಿನ್ನಿಸಬಾರದು. ಸುಮ್ಮನೆ ಕಾಯಬೇಕು, ಅಷ್ಟೇ."

ಈಗ ಯಾರಾದರೂ ಈ ಮಾತಿನಲ್ಲಿ ನನಗೊಂದು ಪಾಠವಿದೆ ಎಂದು ಬೆರಳೆತ್ತಿದರೆ, ದಯವಿಟ್ಟು ಇಳಿಸಿ. ಅವತ್ತೇ ಹೊಳೆದಿತ್ತು. ಹೊಳೆದದ್ದರಿಂದ ಇನ್ನೂ ಉರಿಯಿತು.

ಹೊರಡುವಾಗ ಅವರು ಬಾಗಿಲವರೆಗೆ ಬಂದರು. ಇವರಿಗೂ ಹಾವು ಹೊಸದೇ, ಓದಿಕೊಂಡು, ಹಳೆಯ ಮಾಲೀಕರಿಗೆ ಫೋನು ಮಾಡಿ ಕೇಳಿಕೊಂಡು ಸಾಕುತ್ತಿದ್ದರು. ಹಳೆಯವರೂ ಬಿಟ್ಟ ಪೊರೆಯನ್ನಷ್ಟೇ ಕಂಡಿದ್ದರಂತೆ, ಬಿಡುವುದನ್ನು ಎಂದೂ ಕಂಡಿರಲಿಲ್ಲವಂತೆ. "ಒಂದು ಸಲ ಕಣ್ಣಾರೆ ನೋಡಬೇಕು ಕಣ್ರೀ" ಎಂದರು, ಜಾತ್ರೆಗೆ ಹೋಗಲು ಕಾಯುವ ಹುಡುಗಿಯ ಹಾಗೆ. ಆಮೇಲೆ ಧ್ವನಿ ತಗ್ಗಿಸಿ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವಳು ಮಾತಾಡಿದಾಗ ನಗಬೇಡಿ. ನೀವು ನಕ್ಕಿದ್ದನ್ನ ಅವಳು ಇಟ್ಕೊಂಡಿದಾಳೆ" ಎಂದರು.

ಹೆತ್ತವಳಿಗೆ ಹೇಳುವ ಮಾತೇ ಅದು? ಮಗು ನಗಿಸಿದರೆ ನಗದಿರಲು ನಾನೇನು ಕಲ್ಲೇ? ದಾರಿಯುದ್ದಕ್ಕೂ, ಅಂದರೆ ಬೇಲಿಯವರೆಗೂ, ಉತ್ತರಗಳನ್ನು ಜೋಡಿಸಿಕೊಂಡೆ. ಒಂದನ್ನೂ ತಿರುಗಿ ಹೋಗಿ ಹೇಳಲಿಲ್ಲ.

ಆ ವಾರವೇ ನಾಗರಪಂಚಮಿ. ನನಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಹಾವಿನ ವಿಷಯ ದೊಡ್ಡಮ್ಮ ಪುಸ್ತಕದಲ್ಲಿ ಓದಿದವರು. ನನ್ನ ಹತ್ತಿರ ಅಜ್ಜಿಯೇ ಇದ್ದಳು. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು ಕರಿ ಎಳ್ಳಿನ ಚಿಗಳಿ, ಅಕ್ಕಿ ತಂಬಿಟ್ಟು ಮಾಡಿದೆ. ಬೆಳ್ಳಿ ಬಟ್ಟಲಲ್ಲಿ ಹಾಲು, ಅದಕ್ಕೆ ಚಿಟಿಕೆ ಅರಿಶಿನ, ಒಂದು ಹನಿ ತುಪ್ಪ. ಪ್ರತಿ ವರ್ಷ ದೇವರ ಮನೆಯ ಅಂಗೈಯಗಲದ ಬೆಳ್ಳಿ ನಾಗಪ್ಪನಿಗೆ ತನಿ ಎರೆಯುತ್ತಿದ್ದೆ. ಈ ವರ್ಷ ಸಾಕ್ಷಾತ್ ನಾಗಪ್ಪನೇ ಪಕ್ಕದ ಮನೆಯಲ್ಲಿ ಮೈ ಹುಷಾರಿಲ್ಲದೆ ಮಲಗಿರುವಾಗ ಬೆಳ್ಳಿಗೆ ಎರೆಯುವುದೇ? ರೇಷ್ಮೆ ಸೀರೆಯಲ್ಲಿ, ತಟ್ಟೆ ಹಿಡಿದು, ಮಗಳನ್ನು ಮುಂದೆ ಬಿಟ್ಟುಕೊಂಡು ಹೋದೆ. ಗೇಟಿನ ಅಸ್ಕಾರಿ, ನಮ್ಮೆರಡು ಮನೆಗಳ ಕಾವಲಿನವನು, ಮದುವೆಯೇನಾದರೂ ಇದೆಯೇ ಎಂದು ಕೇಳಿದ.

ಗಾಜಿನ ಪೆಟ್ಟಿಗೆಯ ಮುಂದೆ ರಂಗೋಲಿ ಎಳೆದೆ. ಅದನ್ನು ಅವರು ತಡೆಯಲಿಲ್ಲ. ಮುಚ್ಚಳ ತೆಗೆದು ಬಟ್ಟಲನ್ನು ಬಗ್ಗಿಸಬೇಕು, ಅಷ್ಟರಲ್ಲಿ ಮಗಳು ಮಾತಾಡಿದಳು. ನನ್ನ ಕಡೆ ನೋಡಲಿಲ್ಲ. ದೊಡ್ಡಮ್ಮನ ಸೆರಗಿಲ್ಲದ ತೋಳನ್ನು ಹಿಡಿದುಕೊಂಡು, ಒಂದೂ ಇಂಗ್ಲಿಷ್ ಪದವಿಲ್ಲದೆ ಮಾತಾಡಿದಳು.

"ಚಾಯ್‌ಗೆ ಹಾಲು ಬೇಡ ಅಂತ ನೀನೇ ಅಮ್ಮಂಗೆ ಹೇಳು ದೊಡ್ಡಮ್ಮ. ನಾನು ಹೇಳಿದ್ರೆ ಅವಳು ಕತೆ ಹೇಳ್ತಾಳೆ."

ಬಟ್ಟಲು ಕೈಯಲ್ಲೇ ಉಳಿಯಿತು. ಎಷ್ಟು ವರ್ಷಗಳಿಂದ ಕಾದಿದ್ದ ಕನ್ನಡ ಅದು! ಬಂತು, ಸ್ಪಷ್ಟವಾಗಿ, ತಪ್ಪಿಲ್ಲದೆ. ಆದರೆ ನನಗಲ್ಲ, ಪಕ್ಕದ ಮನೆಯವರಿಗೆ. ವಿಷಯವೋ, ನಾನು. ಅದರ ಮೇಲೆ ಆ ಏಕವಚನ... ಹತ್ತಿರದವರಿಗೆ ಮಾತ್ರ ಸಲ್ಲುವ ಆ 'ನೀನು'.

ದೊಡ್ಡಮ್ಮ ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ತನಿ ಹುತ್ತಕ್ಕೇ ಎರೆಯೋಣ ಕಣ್ರೀ, ಇವನಿಗೆ ನೀರು ಸಾಕು" ಎಂದು ಹೇಳಿ, ನನ್ನ ತಟ್ಟೆಯನ್ನು ತಾವೇ ಹಿಡಿದುಕೊಂಡು ಹಿತ್ತಲ ಗೋಡೆಯ ಮೂಲೆಗೆ ನಡೆದರು. ಅಲ್ಲಿ ಕೆಂಪು ಮಣ್ಣಿನ ಗೆದ್ದಲ ಹುತ್ತವೊಂದು ಸೊಂಟದೆತ್ತರಕ್ಕೆ ಬೆಳೆದಿತ್ತು. ಒಳಗೆ ಹಾವಿತ್ತೋ ಇಲ್ಲವೋ, ನಾವು ಮೂವರೂ ಎರೆದೆವು. ಆಮೇಲೆ ಅವರು ಚಿಗಳಿ ತಿಂದರು, ಇನ್ನೊಂದು ಕೇಳಿ ತಿಂದರು. ಅಮ್ಮ ಹೋದ ಮೇಲೆ ಚಿಗಳಿ ತಿಂದಿರಲಿಲ್ಲ ಎಂದರು. ಮಗಳು ಅವರ ಬೂಟಿನ ಮೇಲೆ ಬಿದ್ದ ಎಳ್ಳು ಆರಿಸುತ್ತಿದ್ದಳು. ಒಳ್ಳೆಯ ಹಬ್ಬವೇ. ನಾನು ಮಾತ್ರ ಖಾಲಿ ಬೆಳ್ಳಿ ಬಟ್ಟಲನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದೆ.

ಕೆಲವು ದಿನಗಳಲ್ಲಿ ಚಾಯ್‌ನ ಕಣ್ಣು ತಿಳಿಯಾದವು. ಕಾಯಿಲೆ ವಾಸಿಯಾಯಿತೆಂದು ನಾನು ಘೋಷಿಸಿದೆ, ಹಾಲೆರೆದ ಪುಣ್ಯ ಎಂದೂ ಸೇರಿಸಿದೆ. ಅಲ್ಲವಂತೆ. ಕಣ್ಣಿನ ನೀರು ಆರುವುದು ಪೊರೆ ಬಿಡುವುದಕ್ಕೆ ಮುಂಚಿನ ಗುರುತಂತೆ. ಎಲ್ಲ ಸರಿಹೋದ ಹಾಗೆ ಕಂಡ ಮೇಲೆಯೇ ನಿಜವಾದ ಕೆಲಸ ಶುರುವಂತೆ. ಚಳಿಗೆ ಹೀಟರು ಉರಿಯುವ ಮನೆಯಲ್ಲಿ ಗಾಳಿ ಒಣಗಿ ಪೊರೆ ಮೈಗೆ ಅಂಟಿಕೊಳ್ಳದಿರಲೆಂದು ಮಗಳು ದಿನವೂ ನೀರು ಚಿಮುಕಿಸುತ್ತಿದ್ದಳು. ಇದನ್ನೆಲ್ಲ ನನಗೆ ಹೇಳಿದ್ದು ದೊಡ್ಡಮ್ಮ. ಮಗಳು ಹೇಳಲಿಲ್ಲ.

ಅಷ್ಟರಲ್ಲಿ ಅವರಿಗೆ ದೇಶದ ಉತ್ತರದ ಕಡೆ ಕೆಲಸದ ಪ್ರವಾಸ ಬಂತು. ಮನೆಯ ಇನ್ನೊಂದು ಕೀಲಿಯನ್ನು ನನ್ನ ಕೈಗೇ ಕೊಟ್ಟರು, ಮಗಳೊಬ್ಬಳನ್ನೇ ಬಿಡಬೇಡಿ, ನೀವೂ ಜೊತೆಗಿರಿ ಎಂದರು. ಪೆಟ್ಟಿಗೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ, "ನಾನು ಬರೋವರೆಗೂ ತಡ್ಕೊಳಪ್ಪ" ಎಂದು ಹಾವಿಗೆ ಹೇಳಿ ಹೊರಟರು.

ತಡೆದುಕೊಳ್ಳಲಿಲ್ಲ. ಅವರು ಬರುವುದು ಮಾರನೆಯ ದಿನವೆಂದಿದ್ದಾಗ, ಹೊತ್ತು ಇಳಿಯುವ ಸಮಯದಲ್ಲಿ, ಮಗಳು ನೀರು ಚಿಮುಕಿಸಲು ಹೋಗಿ ಹಾಗೆಯೇ ನಿಂತುಬಿಟ್ಟಳು. ಚಾಯ್ ಮೂತಿಯನ್ನು ಒರಟು ಕಲ್ಲಿಗೆ ಉಜ್ಜುತ್ತಿತ್ತು. ಆ ಕಡೆ, ಈ ಕಡೆ, ಮತ್ತೆ ಆ ಕಡೆ. ತುಟಿಯ ಅಂಚಿನಲ್ಲಿ ಬಿಳಿಯದೊಂದು ಎಳೆ ಎದ್ದಿತು. ಎದ್ದದ್ದು ಹಣೆಯ ಮೇಲೆ ಹಿಂದಕ್ಕೆ ಸರಿಯಿತು. ನಾವು ಕಾಲುಚೀಲವನ್ನು ಮಗುಚಿ ತೆಗೆಯುತ್ತೇವಲ್ಲ, ಹಾಗೆ, ಒಳಮೈ ಹೊರಗಾಗುತ್ತಾ ಬಂತು. ಕಣ್ಣಿನ ಪರದೆಗಳೂ ಜೊತೆಗೇ ಬಂದವು. ಅಡಿಯಿಂದ ಹೊರಬಂದ ತಲೆ ಎಷ್ಟು ಹೊಸದಾಗಿತ್ತೆಂದರೆ... ಆ ಬಣ್ಣಕ್ಕೆ ನನ್ನ ಅಜ್ಜಿಯ ಕನ್ನಡದಲ್ಲೂ ಮಾತು ಸಿಗಲಿಲ್ಲ.

ಅರ್ಧಕ್ಕೆ ಬಂದು ಅದು ನಿಂತಿತು. ಪೊರೆ ತೊಗಟೆಗೆ ಸಿಕ್ಕಿಕೊಂಡಂತಿತ್ತು. ಒದ್ದಾಡುತ್ತಿದೆ ಪಾಪ, ಒಂಚೂರು ಎಳೆದರೆ ಬಂದುಬಿಡುತ್ತದೆ ಎಂದು ನಾನು ಕೈ ಚಾಚಿದೆ. ಮಗಳು ನನ್ನ ಮಣಿಕಟ್ಟು ಹಿಡಿದಳು.

"ಎಳೀಬೇಡಮ್ಮ. ಅದೇ ಬಿಚ್ಕೊಳ್ಳತ್ತೆ. ಸುಮ್ಮನೆ ಕಾಯಬೇಕು, ಅಷ್ಟೇ."

ಅಮ್ಮ ಎಂದಿದ್ದಳು. ನನಗೇ ಹೇಳಿದ್ದಳು. ಎದೆ ತುಂಬಿ ಬರುವ ಹೊತ್ತಿಗೆ ಕೊನೆಯ ಆ 'ಅಷ್ಟೇ' ಕಿವಿಗೆ ಬಿತ್ತು. ಮಾತು ನನ್ನ ಮಗಳದ್ದು, ನಿಲ್ಲಿಸಿದ ರೀತಿ ಪಕ್ಕದ ಮನೆಯದು. ಅದೇ ತಗ್ಗಿದ ಧ್ವನಿ, ಅದೇ ಗಲ್ಲದ ಅಲುಗಾಟ. ಒಂದೇ ಉಸಿರಿನಲ್ಲಿ ಹಿಗ್ಗಿದೆ, ಉರಿದೆ. ಆದರೂ ಜಾಣತನದಿಂದ ಕೇಳಿದೆ, ಯಾಕೆ ಎಳೆಯಬಾರದು ಎಂದು. ಕೇಳಿ, ಬಾಯಿಗೆ ಬಂದ ಕತೆಯನ್ನು ನುಂಗಿಕೊಂಡು ಕೂತೆ. ಅವಳು ತಡಕಾಡಿ, ಪದ ಹುಡುಕಿ, ಒಂದು ಕಡೆ ತಪ್ಪು ಹೇಳಿ ತಾನೇ ತಿದ್ದಿಕೊಂಡು, ಒಳಗಿನ ಚರ್ಮ ಇನ್ನೂ ಎಳೆಯದು, ಕಿತ್ತುಬಿಡುತ್ತದೆ ಎಂದು ವಿವರಿಸಿದಳು. ನಾನು ನಗಲಿಲ್ಲ. ಕಿಟಕಿಯ ಹೊರಗೆ ಬೆಳಕು ಹೋಗುವವರೆಗೂ ನಾವಿಬ್ಬರೂ ಮೊಣಕಾಲೂರಿ ಕೂತಿದ್ದೆವು, ಬಾಲದ ತುದಿ ಹೊರಬಂದು ಚಾಯ್ ನೀರಿನ ಬಟ್ಟಲಿನ ಕಡೆ ಹರಿಯುವವರೆಗೂ. ಪೊರೆ ಒಂದೂ ಹರುಕಿಲ್ಲದೆ ಇಡಿಯಾಗಿ ಬಂದಿತ್ತು.

ನನಗದು ಬೇಕಿತ್ತು. ಆ ಸಂಜೆಯ ಗುರುತಾಗಿ ಬೇಕಿತ್ತು. ಮಗಳು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಹಾಸಿದಳು. "ಇದು ದೊಡ್ಡಮ್ಮಂದು" ಎಂದಳು. ದೊಡ್ಡಮ್ಮ ನೋಡಲೇ ಇಲ್ಲವಲ್ಲ ಎಂದು ಅವಳ ಮುಖ ಸಪ್ಪಗಾಯಿತು. ನನ್ನ ಮುಖ ಯಾವುದಕ್ಕೆ ಸಪ್ಪಗಾಯಿತು ಎಂದು ಅವಳು ಕೇಳಲಿಲ್ಲ.

ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿಗೆ ಗೇಟಿನ ಹತ್ತಿರ ಹೋದಾಗ ಅಸ್ಕಾರಿ, ಪಕ್ಕದ ಮನೆಯ ಮಾಮಾ, ಅಂದರೆ ಅಮ್ಮಾವ್ರು, ನಿನ್ನೆ ಸಂಜೆಯೇ ಬಂದರಲ್ಲ ಎಂದ. ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಒಂದು ದಿನ ಮೊದಲೇ ಬಂದಿದ್ದರಂತೆ. ಮನೆಯಲ್ಲಿ ದೀಪ ಕಂಡು ಕಿಟಕಿಯ ಹತ್ತಿರ ಹೋಗಿ ಒಳಗೆ ನೋಡಿದರಂತೆ. ಬಾಗಿಲು ತಟ್ಟದೆ ಹಿಂದಿರುಗಿ ಗೇಟಿನ ಹೊರಗೆ ನಿಲ್ಲಿಸಿದ್ದ ಕಾರಿನಲ್ಲಿ ಕೂತರಂತೆ. ಇವನು ಕರೆಯಲೇ ಎಂದದ್ದಕ್ಕೆ, "ಪೊಲೆ ಪೊಲೆ" ಎಂದರಂತೆ. ನಿಧಾನ, ಅವಸರವಿಲ್ಲ. ನಾವು ದೀಪ ಆರಿಸಿ ಕಂಡಿಯಲ್ಲಿ ನುಸುಳಿ ಮನೆ ಸೇರಿದ ಮೇಲೆಯೇ ಇಳಿದರಂತೆ.

ಕಾಫಿ ಮಾಡಿಕೊಂಡು ಹೋದೆ. ಕೇಳಿಯೇ ಬಿಟ್ಟೆ.

"ಕಾರಲ್ಲೇ ನಿದ್ದೆ ಹತ್ತಿಬಿಟ್ಟಿತ್ತು ಕಣ್ರೀ, ಎಂಥಾ ರಸ್ತೆ ಅಂತೀರಿ" ಎಂದರು. ಕಣ್ಣು ಕಾಫಿಯ ಲೋಟದಲ್ಲಿತ್ತು. ಆಮೇಲೆ ಒಳಗೆ ಹೋಗಿ, ಪೊರೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. "ಇದು ನೋಡಿದವರ ಮನೇಲಿರಬೇಕು."

ಕೊಡುವುದರಲ್ಲೂ ಆಕೆ ನನ್ನನ್ನು ಸೋಲಿಸಿದರು. ಅಷ್ಟು ಆಸೆಪಟ್ಟು ಕಾದ ನೋಟವನ್ನು ಗಾಜಿನ ಆಚೆಯೇ ನಿಂತು ಬಿಟ್ಟುಕೊಡಲು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಬಾಗಿಲು ತಳ್ಳಿಕೊಂಡು ಒಳಗೆ ಬಂದಿರುತ್ತಿದ್ದೆ, ಬರುತ್ತಲೇ ಒಂದು ಕತೆಯನ್ನೂ ಶುರು ಮಾಡಿರುತ್ತಿದ್ದೆ. ಅಸೂಯೆಪಡಲು ಅವರು ನನಗೆ ಇನ್ನೊಂದು ಕಾರಣ ಕೊಟ್ಟರು, ಅದೂ ಮೊದಲಿನವುಗಳಿಗಿಂತ ದೊಡ್ಡದು.

ಕೆಲವು ವರ್ಷಗಳಲ್ಲಿ ಅವರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಚಾಯ್ ಹಾವು ಸಾಕುವ ಇನ್ನೊಬ್ಬರ ಮನೆ ಸೇರಿತು. ಮಗಳು ಬೇಲಿಯ ಕಂಡಿಯಲ್ಲಿ ಕೂತು ಅತ್ತಳು. ಅವರು ಹೋದ ಮೇಲೂ ನನ್ನ ಜೊತೆ ಕನ್ನಡ ಬಿಡಲಿಲ್ಲ, ಅದು ನಿಜ. ಆದರೆ ಪ್ರತಿ ಮಾತಿನ ಕೊನೆಗೂ ಆ 'ಅಷ್ಟೇ' ಕಾವಲು ನಿಂತಿರುತ್ತಿತ್ತು. ಈಗ ಅವಳು ಕೇಪ್‌ಟೌನಿನಲ್ಲಿ ಕಟ್ಟಡ ಕಟ್ಟುವುದನ್ನು ಓದುತ್ತಿದ್ದಾಳೆ. ಪಕ್ಕದ ಮನೆಗೆ ಯಾರೋ ಬಂದಿದ್ದಾರೆ, ಒಳ್ಳೆಯವರು, ಕೈ ಬೀಸುತ್ತಾರೆ. ಕಂಡಿ ಮುಚ್ಚಿಕೊಂಡು ಎಲ್ಲಿತ್ತೆಂಬುದೂ ತಿಳಿಯುವುದಿಲ್ಲ.

ದೊಡ್ಡಮ್ಮ ತೀರಿಹೋದ ಸುದ್ದಿ ಕಳೆದ ವರ್ಷ ಮೊದಲು ಬಂದದ್ದು ಮಗಳಿಗೆ, ನನಗಲ್ಲ. ಅವರ ತಮ್ಮ ಫೋನು ಮಾಡಿದ್ದು ಅವಳಿಗೆ. ಅವಳು ನನಗೆ ಹೇಳಿದಳು, "ದೊಡ್ಡಮ್ಮ ಇಲ್ವಂತಮ್ಮ" ಎಂದು. ಆಮೇಲೆ ಅವಳು ಅತ್ತದ್ದನ್ನು ನಾನಿಲ್ಲಿ ಬರೆಯಲಾರೆ. ನನಗಾಗಿಯೂ ಹೀಗೆ ಅಳುತ್ತಾಳೆಯೇ ಎಂದು ಲೆಕ್ಕ ಹಾಕುತ್ತಾ ಫೋನು ಹಿಡಿದು ನಿಂತಿದ್ದೆ.

ಮೊನ್ನೆ ಡಬ್ಬ ಸಿಕ್ಕ ಮೇಲೆ ಅವಳಿಗೆ ಫೋನು ಮಾಡಿದೆ. ಪೊರೆ ಇನ್ನೂ ಇದೆ, ಅಂಚು ಪುಡಿಯಾಗುತ್ತಿದೆ ಎಂದೆ. ಆ ಕಡೆಯಿಂದ ಮಾತಿಲ್ಲ. ಹಿಂದಿನ ನಾನಾಗಿದ್ದರೆ ಆ ಬಿಡುವಿನಲ್ಲಿ ಒಂದು ಕತೆ ತುರುಕಿರುತ್ತಿದ್ದೆ. ಸುಮ್ಮನಿದ್ದೆ. ಒಲೆಯ ಮೇಲೆ ಹಾಲು ಉಕ್ಕಿತು, ಆರಿಸಿ ಮತ್ತೆ ಬಂದು ಸುಮ್ಮನಿದ್ದೆ. ಕೊನೆಗೆ ಅವಳೇ ಮೂಗೆಳೆದುಕೊಂಡು ಹೇಳಿದಳು.

"ಅಮ್ಮ, ನೀನೀಗ ಥೇಟು ದೊಡ್ಡಮ್ಮನ ಹಾಗೇ ಸುಮ್ಮನಿರ್ತೀಯ."

ನನಗೆ ಆ ಮಾತು ಹಿಡಿಸಲಿಲ್ಲ. ಸ್ವಲ್ಪವೂ ಹಿಡಿಸಲಿಲ್ಲ. ಫೋನು ಇಟ್ಟು, ಪೊರೆಯನ್ನು ಅದೇ ಪಂಚೆಯ ತುಂಡಿನಲ್ಲಿ ಮೆಲ್ಲಗೆ ಸುತ್ತಿ, ಈ ದೂರನ್ನು ದೊಡ್ಡಮ್ಮನಿಗೇ ಹೇಳಿ ಬರೋಣವೆಂದು ಶಾಲು ಹೊದ್ದು ಹಿತ್ತಲಿಗೆ ಹೋದೆ. ಬೇಲಿಯ ಮುಂದೆ ನಿಂತ ಮೇಲೆ ನೆನಪಾಯಿತು, ಹೇಳಿಸಿಕೊಳ್ಳಬೇಕಾದವರು ಈಗಿಲ್ಲ.